ಪ್ರಿಂಟ್ ಮಾಡಿದ ಟೈಟಾನಿಯಂ ಮೇಲೆ ಪಾಲಿಮರ್ ಲೇಪ ನಿಲ್ಲಿಸುವುದು ಹೇಗೆ

ಟೇಪ್ ಎಳೆದ ಕೂಡಲೇ ಲೇಪ ಪೂರ್ತಿ ಎದ್ದು ಬಂತು. ಈರುಳ್ಳಿಯ ಒಳಸಿಪ್ಪೆ ಥರ ತೆಳ್ಳಗೆ, ಒಂದೇ ಹಾಳೆ. ಮೂರು ವಾರದ ಕೆಲಸ ಅದು. ಪಾಲಿಮರೇ ಸರಿ ಇಲ್ಲ ಅಂದುಕೊಂಡು ಎಸೆಯುವವಳಿದ್ದೆ. ಏನನ್ನಿಸಿತೋ, ಆ ಹಾಳೆಯನ್ನು ತಿರುವಿ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಹಿಂಬದಿ ತುಂಬಾ ಬೂದು ಬಣ್ಣದ ಗುಂಡುಗಳು, ರಾಗಿ ಚೆಲ್ಲಿದ ಹಾಗೆ. ಅಳೆದರೆ ಒಂದೊಂದೂ 20ರಿಂದ 40 ಮೈಕ್ರಾನ್. ಅದು ಟೈಟಾನಿಯಂ ಪುಡಿ, ಲೋಹದ 3ಡಿ ಪ್ರಿಂಟರ್ ಪದರ ಪದರವಾಗಿ ಕರಗಿಸಿ ತುಂಡು ಮಾಡುವುದು ಇದರಿಂದಲೇ. ಲೇಪ ಆ ಪುಡಿಯನ್ನು ಬಿಟ್ಟಿರಲಿಲ್ಲ, ಗಟ್ಟಿಯಾಗೇ ಹಿಡಿದುಕೊಂಡಿತ್ತು. ಪುಡಿಯೇ ತನ್ನ ಕೆಳಗಿನ ಲೋಹವನ್ನು ಬಿಟ್ಟು ಬಂದಿತ್ತು.

ನಾನು ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಟೀರಿಯಲ್ಸ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಫೈನಲ್ ಇಯರ್ ಹುಡುಗ ಹುಡುಗಿಯರು ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಲೋಹದ ತುಂಡು, ಅದರ ಲೇಪದ ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಪಾಲಿಮರ್ ತಗೊಳ್ಳೋದು ಮೇಡಂ? ಅದು ಆಮೇಲಿನ ಮಾತು. ಲೇಪ ನಿಲ್ಲುವುದೂ ಬೀಳುವುದೂ ತಳದ ಮೇಲೆ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಜಾಸ್ತಿ ಭಾಗ ತಳದ ಬಗ್ಗೆಯೇ ಇದೆ.

ಇದನ್ನು ನಾನು ಕಲಿತದ್ದು ಲ್ಯಾಬಿನಲ್ಲಾದರೂ ಮೊದಲು ನೋಡಿದ್ದು ಕಿನ್ನಾಳದಲ್ಲಿ. ಕೊಪ್ಪಳದ ಹತ್ತಿರದ ಆ ಊರಲ್ಲಿ ನಮ್ಮಜ್ಜಿ ಮನೆ. ರಜೆಯಲ್ಲಿ ಹೋದಾಗ ಚಿತ್ರಗಾರರ ಮನೆ ಮುಂದೆ ಕೂತು ಗೊಂಬೆ ಮಾಡುವುದನ್ನು ನೋಡುತ್ತಿದ್ದೆ. ಬಣ್ಣ ಯಾವಾಗ ಹಚ್ಚುತ್ತಾರೆ ಅಂತ ಕಾದು ಕಾದು ಸಾಕಾಗುತ್ತಿತ್ತು. ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಮಾಡುತ್ತಿದ್ದರು. ಅದನ್ನು ಮರಕ್ಕೆ ಕೈಯಿಂದ ಬಳಿದು, ಮೇಲೆ ಹತ್ತಿಯ ಚೂರು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಸರಿ ಬಳಿಯುತ್ತಿದ್ದರು. ಬಣ್ಣದ ಸರದಿ ಬರುವುದು ಆಮೇಲೆ. ನಾವು ಟೈಟಾನಿಯಂ ಮೇಲೆ ಮಾಡುವುದೂ ಇದೇ ಕ್ರಮ. ಸಾಮಾನು ಬೇರೆ, ಅಷ್ಟೇ.

ಲೇಪ ಯಾಕೆ ಬೇಕು ಅನ್ನುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಟೈಟಾನಿಯಂ ಮೂಳೆಗೆ ಒಗ್ಗುವ ಲೋಹ. ಆದರೆ ಬಹಳ ಬಿರುಸು. ಅದರ ಬಿಗಿತ ಸುಮಾರು 110 ಗಿಗಾಪಾಸ್ಕಲ್, ಗಟ್ಟಿ ಮೂಳೆಯದು 10ರಿಂದ 30ರೊಳಗೆ. ಭಾರವನ್ನೆಲ್ಲ ಲೋಹವೇ ಹೊತ್ತರೆ ಮೂಳೆ ಸೊರಗುತ್ತದೆ. ಪ್ರಿಂಟಿಂಗಿನಲ್ಲಿ ಜೇನುಗೂಡಿನಂಥ ಜಾಲರಿ ಮಾಡಬಹುದು. ಆಗ ಬಿಗಿತ ಇಳಿಯುತ್ತದೆ, ತೂತುಗಳೊಳಗೆ ಮೂಳೆ ಬೆಳೆಯುತ್ತದೆ. ಅದೇ ತೂತುಗಳು ಬ್ಯಾಕ್ಟೀರಿಯಾಕ್ಕೂ ಒಳ್ಳೆ ಮನೆ. ಬರೀ ಲೋಹ ಅವುಗಳನ್ನು ತಡೆಯುವುದಿಲ್ಲ. ಪಾಲಿಮರ್ ಲೇಪದೊಳಗೆ ಔಷಧಿ ಇಟ್ಟರೆ ಬೇಕಾದ ಜಾಗದಲ್ಲೇ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೊಣಕಾಲ ಕೆಳಗಿನ ಮೂಳೆಗೆ ಹಾಕುವ ರಾಡಿನ ಮೇಲೆ ಪಿಡಿಎಲ್‌ಎಲ್‌ಎ ಅನ್ನುವ ಪಾಲಿಮರ್ ಜತೆ ಜೆಂಟಾಮೈಸಿನ್ ಅನ್ನುವ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಲೇಪಿಸಿ ಯುರೋಪಿನಲ್ಲಿ ಈಗಾಗಲೇ ಬಳಸಿದ್ದಾರೆ.

ತುಂಡು ತರಿಸುವಾಗ ಕೇಳಬೇಕಾದ್ದು

ಲೋಹದ ಪ್ರಿಂಟರ್ ನಮ್ಮಲ್ಲಿಲ್ಲ. ಬೆಂಗಳೂರಿನಿಂದ ಪ್ರಿಂಟ್ ಮಾಡಿಸಿ ತರಿಸುತ್ತೇವೆ. 10 ಮಿ.ಮೀ. ಅಗಲ, 10 ಮಿ.ಮೀ. ಉದ್ದ, 2 ಮಿ.ಮೀ. ದಪ್ಪದ ಬಿಲ್ಲೆ, ಮೂಲೆಯಲ್ಲಿ ತಂತಿ ಹಾಕಲು ಒಂದು ತೂತು. ಇಷ್ಟಿದ್ದರೆ ಶುರು ಮಾಡಬಹುದು. ಲೋಹ ಗ್ರೇಡ್ 23 ಟೈಟಾನಿಯಂ. ಅಂದರೆ 6% ಅಲ್ಯೂಮಿನಿಯಂ, 4% ವನೇಡಿಯಂ ಇರುವ, ಆಮ್ಲಜನಕ ಕಡಿಮೆ ಇರುವ ಜಾತಿ. ಜಾಲರಿ ತುಂಡುಗಳನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಮೊದಲೇ ಜಾಲರಿಗೆ ಕೈ ಹಾಕಿದವರು ಎಲ್ಲಿ ತಪ್ಪಿತು ಅಂತ ಗೊತ್ತಾಗದೆ ಒದ್ದಾಡಿದ್ದಾರೆ.

ಆರ್ಡರ್ ಕೊಡುವಾಗ ಕೆಲವು ಮಾತು ಬರೆಸಿಕೊಳ್ಳಿ. ಲೇಸರ್ ಯಂತ್ರವೋ, ಎಲೆಕ್ಟ್ರಾನ್ ಬೀಮ್ ಯಂತ್ರವೋ? ಲೇಸರಿನ ಪುಡಿ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್, ಎಲೆಕ್ಟ್ರಾನ್ ಬೀಮಿನದ್ದು 45ರಿಂದ 105. ಎರಡನೆಯದರ ಮೈ ಜಾಸ್ತಿ ಒರಟು. ಪದರದ ದಪ್ಪ ಎಷ್ಟು? ಒತ್ತಡ ಇಳಿಸುವ ಬಿಸಿ ಉಪಚಾರ ಮಾಡಿದ್ದಾರಾ? ಮರಳು ಹೊಡೆದಿದ್ದಾರಾ? ಎಲ್ಲಕ್ಕಿಂತ ಮುಖ್ಯ, ಪ್ರಿಂಟ್ ಆಗುವಾಗ ಯಾವ ಮುಖ ಮೇಲಿತ್ತು, ಯಾವುದು ಕೆಳಗಿತ್ತು? ಆಧಾರ ಇಲ್ಲದೆ ಇಳಿಬಿದ್ದ ಕೆಳಮುಖದಲ್ಲಿ ಕರಗಿದ ಲೋಹ ಪುಡಿಯೊಳಗೆ ಜಿನುಗಿ ಗಂಟು ಕಟ್ಟಿರುತ್ತದೆ. ಒಂದೇ ಬಿಲ್ಲೆಯ ಎರಡು ಮುಖಕ್ಕೆ ಎರಡು ಥರ ಫಲಿತಾಂಶ ಬಂದರೆ ಕಾರಣ ಇಲ್ಲಿರುತ್ತದೆ. ಬಂದ ತಕ್ಷಣ ಅಂಚಿನಲ್ಲಿ ಗೀರಿ ಗುರುತು ಮಾಡಿ. ಪೆನ್ನಿನ ಗುರುತು ಅಸಿಟೋನಿಗೆ ಹೋಗಿಬಿಡುತ್ತದೆ.

ಪುಡಿ ಬಿಡಿಸುವುದು

ಕೈಗೆ ನಯವಾಗಿ ಕಂಡರೂ ನಂಬಬೇಡಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರ್ಧ ಕರಗಿ ಅಂಟಿಕೊಂಡ ಗುಂಡುಗಳು ಕಾಣುತ್ತವೆ. ಕೆಲವು ಕುತ್ತಿಗೆವರೆಗೂ ಮುಳುಗಿರುತ್ತವೆ. ಅವು ಇರಲಿ. ಕೆಲವು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಹಿಡಿದುಕೊಂಡಿರುತ್ತವೆ. ಅವು ಹೋಗಲೇಬೇಕು. ಲೇಪವನ್ನೂ ಕರೆದುಕೊಂಡು ಹೋಗುವುದು ಅವೇ. ದೇಹದೊಳಗೆ ಉದುರಿದರೆ ಸುತ್ತಲಿನ ಮಾಂಸಕ್ಕೂ ತೊಂದರೆ.

ಚಪ್ಪಟೆ ಬಿಲ್ಲೆಗೆ ಅಲ್ಯೂಮಿನಾ ಮರಳು ಹೊಡೆಯುವುದೇ ಸರಿ. ನಾವು 110 ಮೈಕ್ರಾನಿನ ಕಾಳು, 3 ಬಾರ್ ಗಾಳಿ, ಸುಮಾರು 10 ಸೆಂ.ಮೀ. ದೂರ ಇಟ್ಟುಕೊಳ್ಳುತ್ತೇವೆ. ಹಲ್ಲಿನ ಲ್ಯಾಬುಗಳಲ್ಲಿ ಈ ಯಂತ್ರ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಎಲ್ಲ ಕಡೆಯೂ ಒಂದೇ ಮಬ್ಬು ಬೂದು ಬಣ್ಣ ಬರುವವರೆಗೆ ಹೊಡೆಯಿರಿ. ಹೊಳಪಿನ ಚುಕ್ಕೆ ಉಳಿದಿದ್ದರೆ ಅಲ್ಲಿ ಮರಳು ಮುಟ್ಟಿಲ್ಲ ಅಂತ ಅರ್ಥ.

ಜಾಲರಿಯ ಒಳಗೆ ಮರಳು ಹೋಗುವುದಿಲ್ಲ. ಅದಕ್ಕೆ ಆಮ್ಲವೇ ಬೇಕು, ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಸೇರಿಸಿದ್ದು. ಇದನ್ನು ಕಾಲೇಜಿನಲ್ಲಿ ಮಾಡಬೇಡಿ. ಸುಮ್ನೆ ಹೆದರಿಸುತ್ತಿಲ್ಲ. ಹೈಡ್ರೋಫ್ಲೋರಿಕ್ ಚರ್ಮದ ಮೇಲೆ ಬಿದ್ದರೆ ಮೊದಮೊದಲು ಉರಿಯೇ ಗೊತ್ತಾಗದಿರಬಹುದು. ಅಷ್ಟರಲ್ಲಿ ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಬಿಡುತ್ತದೆ. ಅಂಗೈ ಅಗಲದ ಗಾಯದಿಂದ ಪ್ರಾಣ ಹೋದದ್ದುಂಟು. ಪ್ರಿಂಟ್ ಮಾಡಿದವರಿಗೇ ಹೇಳಿ ಎಚಿಂಗ್ ಮಾಡಿಸಿಕೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಆಮೇಲೆ ಅಲ್ಟ್ರಾಸಾನಿಕ್ ಸ್ನಾನ. ಸೋಪಿನ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್, ಡಿಸ್ಟಿಲ್ಡ್ ನೀರು, ಈ ಕ್ರಮದಲ್ಲಿ 15 ನಿಮಿಷ ಒಂದೊಂದು. ಅಸಿಟೋನನ್ನು ನೇರ ತೊಟ್ಟಿಗೆ ಸುರಿಯಬೇಡಿ, ಬೆಂಕಿಯ ಭಯ. ಮುಚ್ಚಳ ಹಾಕಿದ ಬೀಕರಿನಲ್ಲಿ ಹಾಕಿ, ಬೀಕರನ್ನು ತೊಟ್ಟಿಯ ನೀರಿನಲ್ಲಿಡಿ. ಸಾಕಾಯಿತಾ ಅಂತ ತಿಳಿಯಲು ಕೊನೆಯ ನೀರನ್ನು ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸಿ. ಬೂದು ಕಲೆ ಕಂಡರೆ ಇನ್ನೊಂದು ಸುತ್ತು. ಜಾಲರಿ ತುಂಡಿಗೆ ನಮಗೆ ಆರು ಸುತ್ತು ಬೇಕಾಗಿದ್ದೂ ಇದೆ. ಸೋಸಿದ ಪುಡಿಯನ್ನು ಒದ್ದೆಯಾಗೇ ಡಬ್ಬಿಯಲ್ಲಿಡಿ. ಒಣಗಿದ ಟೈಟಾನಿಯಂ ಪುಡಿಗೆ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ.

ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆಯ ನೀರು ಎಂಥದ್ದು ಅಂತ ಪಾತ್ರೆ ತೊಳೆಯುವ ಎಲ್ಲರಿಗೂ ಗೊತ್ತು. ಒಣಗಿದ ಮೇಲೆ ಬಿಳಿ ಉಂಗುರ ಉಳಿಯುತ್ತದೆ. ಆ ಉಂಗುರದ ಮೇಲೆ ಲೇಪ ಹಿಡಿಯುವುದಿಲ್ಲ.

ಕಾಸ್ಟಿಕ್ ಸೋಡಾ, ಆಮೇಲೆ ಅಂಟಿನ ಪದರ

ಈಗ ಕಿಟ್ಟದ ಸರದಿ. ಜಪಾನಿನ ಕ್ಯೋಟೋದ ಕೊಕುಬೊ ಅವರ ತಂಡ 1990ರ ದಶಕದಲ್ಲಿ ತೋರಿಸಿದ ದಾರಿ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ ಒಳ್ಳೆ ದಾರಿ ನನಗೆ ಕಂಡಿಲ್ಲ. 5 ಮೋಲಾರ್ ಕಾಸ್ಟಿಕ್ ಸೋಡಾ, ಅಂದರೆ 20 ಗ್ರಾಂ ಸೋಡಾ ಸೇರಿ ಒಟ್ಟು 100 ಮಿ.ಲೀ. ದ್ರಾವಣ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ಗ್ಲೌಸ್ ಹಾಕದೆ ಮುಟ್ಟಬೇಡಿ. ಗಾಜಿನ ಬೀಕರ್ ಬೇಡ, ಬಿಸಿ ಸೋಡಾ ಗಾಜನ್ನೇ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಡಬ್ಬಿ ತಗೊಳ್ಳಿ. ಬಿಲ್ಲೆಗಳನ್ನು ಅದರಲ್ಲಿ 60 ಡಿಗ್ರಿಯಲ್ಲಿ 24 ಗಂಟೆ ಇಡಿ. ಮಧ್ಯೆ ಕರೆಂಟ್ ಹೋದರೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡಿ. ತೊಳೆದು, ಒಣಗಿಸಿ, ಫರ್ನೇಸ್ ಇದ್ದರೆ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 600 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಲೋಹದ ಮೇಲೆ ಸ್ಪಂಜಿನಂಥ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದ ಸೋಡಿಯಂ ಟೈಟನೇಟ್ ಪದರ ಕೂರುತ್ತದೆ. ಪಾಲಿಮರ್ ಬೆರಳು ಊರುವುದು ಆ ರಂಧ್ರಗಳೊಳಗೆ.

ಪದರ ಬಂತಾ ಅಂತ ನೋಡಲು ಒಂದು ಹನಿ ನೀರು ಸಾಕು. ಮೊದಲು ಮಣಿಯಂತೆ ನಿಲ್ಲುತ್ತಿದ್ದ ಹನಿ ಈಗ ಬಿದ್ದ ಕೂಡಲೇ ಹಾಸಿಕೊಳ್ಳಬೇಕು, ಮಣ್ಣಿನ ನೆಲಕ್ಕೆ ಬಿದ್ದ ಹಾಗೆ. ಆದರೆ ಅದೇ ಬಿಲ್ಲೆಯನ್ನು ರಾತ್ರಿಯೆಲ್ಲ ತೆರೆದಿಟ್ಟು ಬೆಳಗ್ಗೆ ಹನಿ ಹಾಕಿ ನೋಡಿ, ಮತ್ತೆ ಮಣಿ ಕಟ್ಟಲು ಶುರುವಾಗಿರುತ್ತದೆ. ಗಾಳಿಯಲ್ಲಿರುವ ಎಣ್ಣೆಯಂಶ ಬಂದು ಕೂರುತ್ತದೆ. ನಮ್ಮ ಲ್ಯಾಬಿನ ಪಕ್ಕ ಕ್ಯಾಂಟೀನಿದೆ. ಸಂಜೆ ಮಿರ್ಚಿ ಕರಿಯಲು ಎಣ್ಣೆ ಇಟ್ಟರೆ ನಾನು ಮೊದಲು ಕಿಟಕಿ ಮುಚ್ಚುತ್ತೇನೆ. ತಳ ತಯಾರಾದ ದಿನವೇ ಮುಂದಿನ ಹಂತಕ್ಕೆ ಹೋಗಿ.

ಮುಂದಿನದು ಪಾಲಿಡೋಪಮೈನ್, ತಳಕ್ಕೂ ಪಾಲಿಮರ್ ಲೇಪಕ್ಕೂ ನಡುವೆ ಅಂಟಾಗುವ ತೆಳು ಪದರ. ಸಮುದ್ರದ ಬಂಡೆಗೆ ಅಲೆ ಹೊಡೆದರೂ ಬಿಡದೆ ಅಂಟುವ ಚಿಪ್ಪಿನ ಜೀವಿಯೊಂದಿದೆ, ಮಸ್ಸೆಲ್ ಅಂತ. ಅದರ ಅಂಟಿನಿಂದ ಕಲಿತು 2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಇದನ್ನು ಹೇಳಿಕೊಟ್ಟರು. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 121 ಮಿ.ಗ್ರಾಂ. ಟ್ರಿಸ್ (ಪಿಎಚ್ ಹಿಡಿದಿಡುವ ಪುಡಿ) ಹಾಕಿ, ಪಿಎಚ್ 8.5ಕ್ಕೆ ತನ್ನಿ. ಕೊನೆಗೆ 200 ಮಿ.ಗ್ರಾಂ. ಡೋಪಮೈನ್ ಹೈಡ್ರೋಕ್ಲೋರೈಡ್. ಮುಚ್ಚಳ ಬೇಡ, ಗಾಳಿಯ ಆಮ್ಲಜನಕ ಬೇಕು. ಬಣ್ಣವಿಲ್ಲದ ನೀರು ಮೊದಲು ತೆಳು ಗುಲಾಬಿಯಾಗುತ್ತದೆ, ಆಮೇಲೆ ಚಹಾ ಬಣ್ಣ, ರಾತ್ರಿ ಕಳೆಯುವಷ್ಟರಲ್ಲಿ ಕಪ್ಪು.

ಇಲ್ಲಿ ಬಳ್ಳಾರಿಯದ್ದೇ ಒಂದು ಎಚ್ಚರಿಕೆ. ಟ್ರಿಸ್ ದ್ರಾವಣದ ಪಿಎಚ್ ಬಿಸಿಗೆ ಇಳಿಯುತ್ತದೆ, ಡಿಗ್ರಿಗೆ ಸುಮಾರು 0.03. ಎಸಿ ಕೋಣೆಯಲ್ಲಿ 25 ಡಿಗ್ರಿಗೆ 8.5 ಮಾಡಿ, ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ 40 ಡಿಗ್ರಿಯ ಕೋಣೆಯಲ್ಲಿಟ್ಟರೆ ಅದು 8.1ರ ಹತ್ತಿರ ಬಂದಿರುತ್ತದೆ. ಎಲ್ಲಿ ಲೇಪಿಸುತ್ತೀರೋ ಅಲ್ಲೇ ಅಳೆಯಿರಿ. ಬಿಲ್ಲೆಗಳನ್ನು ತಂತಿಯಲ್ಲಿ ನೇತುಹಾಕಿ. ಮಲಗಿಸಿದರೆ ಕಪ್ಪು ಕಸ ಮೇಲೆ ಕೂತು, ಅದೇ ಇನ್ನೊಂದು ಸಡಿಲ ಪುಡಿಯಾಗುತ್ತದೆ. 24 ಗಂಟೆ ಬಿಟ್ಟರೂ ಪದರ 50 ನ್ಯಾನೋಮೀಟರ್ ಆಸುಪಾಸು, ಕಂದು ಛಾಯೆ ಮಾತ್ರ ಕಾಣುತ್ತದೆ. ತೊಳೆದು ಒಣಗಿಸಿ.

ಪಾಲಿಮರ್ ಲೇಪ

ಈಗ ಯಾವ ಪಾಲಿಮರ್ ಅಂತ ಕೇಳಬಹುದು. ದುಡ್ಡು ಕಡಿಮೆ ಇದ್ದರೆ ಸಿಗಡಿ, ಏಡಿ ಸಿಪ್ಪೆಯಿಂದ ಬರುವ ಕೈಟೋಸಾನ್. 1% ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ. ಒಣಗಿದ ಮೇಲೆ ತೆಳು ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ತೊಳೆಯದಿದ್ದರೆ ನೀರಿಗೆ ಹಾಕಿದ ಕೂಡಲೇ ಉಬ್ಬಿ ಕರಗುತ್ತದೆ. ಬಹಳ ಜನ ಮರೆಯುವ ಹಂತ ಅದು. ಪಿಸಿಎಲ್ ಅನ್ನುವ ಇನ್ನೊಂದು ಪಾಲಿಮರ್ 60 ಡಿಗ್ರಿಗೇ ಕರಗುತ್ತದೆ, ನಮ್ಮ ಬೇಸಿಗೆಯಲ್ಲಿ ಸಾಗಿಸುವುದೇ ಕಷ್ಟ. ಇಲ್ಲಿ ನಾನು ಹೇಳುವುದು ಪಿಡಿಎಲ್‌ಎಲ್‌ಎ ಬಗ್ಗೆ.

ಕರಗಿಸಲು ಡೈಕ್ಲೋರೋಮೀಥೇನ್ ಬೇಡ. ಅದು ಕುದಿಯುವುದು 39.6 ಡಿಗ್ರಿಗೆ. ಮೇ ತಿಂಗಳಲ್ಲಿ ನಮ್ಮ ಬೆಂಚಿನ ಮೇಲೆ ತಾನಾಗೇ ಗುಳ್ಳೆ ಎದ್ದಿದ್ದನ್ನು ನೋಡಿದ್ದೇನೆ. ಹೊಗೆಯೂ ಕೆಟ್ಟದ್ದು. ಈಥೈಲ್ ಅಸಿಟೇಟ್ ತಗೊಳ್ಳಿ, 77 ಡಿಗ್ರಿವರೆಗೆ ಕುದಿಯುವುದಿಲ್ಲ. 40 ಮಿ.ಲೀ.ಗೆ 2 ಗ್ರಾಂ ಪಾಲಿಮರ್ ಹಾಕಿ, ಮುಚ್ಚಿ, ರಾತ್ರಿಯಿಡೀ ತಿರುಗಲು ಬಿಡಿ. ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ, ಅಂದರೆ ಫ್ಯೂಮ್ ಹುಡ್ ಒಳಗೇ ಕೆಲಸ, ಹತ್ತಿರ ಯಾವ ಬೆಂಕಿಯೂ ಬೇಡ.

ಅದ್ದುವುದಕ್ಕಿಂತ ಎತ್ತುವುದರಲ್ಲಿ ಕೌಶಲ ಇದೆ. ನಿಧಾನ ಎತ್ತಿದರೆ ದಪ್ಪ ಕೂರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ತಿರುಗಮುರುಗ. ಬೇಗ ಎತ್ತಿದಷ್ಟೂ ದ್ರಾವಣ ಜಾಸ್ತಿ ಮೇಲೆ ಬರುತ್ತದೆ. ವೇಗ ಎರಡು ಪಟ್ಟಾದರೆ ದಪ್ಪ ಸುಮಾರು 1.6 ಪಟ್ಟು. ಕೈಯಲ್ಲಿ ಎತ್ತಿದರೆ ಒಂದು ಬಿಲ್ಲೆ ಇನ್ನೊಂದರ ಹಾಗೆ ಬರುವುದಿಲ್ಲ. ನಾವು ಕೆಟ್ಟುಹೋದ ಪ್ಲಾಸ್ಟಿಕ್ ಪ್ರಿಂಟರಿನ ಮೇಲೆ ಕೆಳಗೆ ಚಲಿಸುವ ಭಾಗ ಬಿಚ್ಚಿ, ನಿಮಿಷಕ್ಕೆ 50 ಮಿ.ಮೀ. ವೇಗಕ್ಕೆ ಕಟ್ಟಿಕೊಂಡಿದ್ದೇವೆ. ಅದರ ಮೋಟಾರು ಹುಡ್ ಹೊರಗಿದೆ, ದಾರ ಮಾತ್ರ ಒಳಗೆ ಹೋಗುತ್ತದೆ. ಒಂದು ನಿಮಿಷ ಮುಳುಗಿಸಿಟ್ಟು ಎತ್ತಿ, ಒಂದು ಗಂಟೆ ಒಣಗಲು ಬಿಟ್ಟು, ಎರಡನೇ ಸಲ ಅದ್ದಿ. ಎರಡನೇ ಸಲ ಒಳಗೆ ನಿಲ್ಲಿಸಬೇಡಿ, ಮೊದಲ ಪದರ ವಾಪಸ್ ಕರಗುತ್ತದೆ.

ಜಾಲರಿಯನ್ನು ಮೊದಲು ಬರೀ ಈಥೈಲ್ ಅಸಿಟೇಟಿನಲ್ಲಿ ನೆನೆಸಿ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಲಿ. ಆಮೇಲೆ ದ್ರಾವಣಕ್ಕೆ. ಎತ್ತಿದ ಮೇಲೆ ತೂತುಗಳಲ್ಲಿ ಪೊರೆ ಕಟ್ಟುತ್ತದೆ, ಜರಡಿಗೆ ನೀರು ಕಟ್ಟಿದ ಹಾಗೆ. ಬಿಟ್ಟರೆ ಮೂಳೆ ಬೆಳೆಯಬೇಕಾದ ದಾರಿಯೇ ಮುಚ್ಚಿತು. ಕೈಯಲ್ಲಿ ತಿರುಗಿಸುವ ಹಳೆಯ ಸೆಂಟ್ರಿಫ್ಯೂಜ್ ನಮ್ಮ ಸ್ಟೋರಿನಲ್ಲಿ ಸಿಕ್ಕಿತ್ತು. ತಳಕ್ಕೆ ಫಿಲ್ಟರ್ ಕಾಗದ ಮಡಚಿಟ್ಟು ಅರ್ಧ ನಿಮಿಷ ತಿರುಗಿಸಿದರೆ ಪೊರೆ ಒಡೆದು ಹೆಚ್ಚಿನದ್ದು ಇಳಿಯುತ್ತದೆ. ಮೋಟಾರ್ ಇಲ್ಲ, ಹಾಗಾಗಿ ಕಿಡಿಯ ಭಯವೂ ಇಲ್ಲ. ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲ ತೂತೂ ಕಾಣಬೇಕು.

ಹವಾಮಾನ ನೋಡಿ ದಿನ ಆರಿಸಿ. ಆಗಸ್ಟಿನ ತೇವದಲ್ಲಿ ಲೇಪ ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಸಣ್ಣ ಹನಿಗಳಾಗಿ ಕೂರುತ್ತದೆ, ಆ ಹನಿಗಳ ಗುರುತೇ ರಂಧ್ರಗಳಾಗಿ ಉಳಿಯುತ್ತವೆ. ಬೇಸಿಗೆಯಲ್ಲಿ ಧೂಳು. ಒಮ್ಮೆ ಲೇಪದೊಳಗೆ ಕೆಂಪು ಚುಕ್ಕೆಗಳನ್ನು ನೋಡಿ ಡೋಪಮೈನ್ ಕೆಟ್ಟಿದೆ ಅಂದುಕೊಂಡಿದ್ದೆವು. ಕಿಟಕಿಯ ಸರಳಿನ ಮೇಲೆ ಬೆರಳು ಸವರಿ ಮೈಕ್ರೋಸ್ಕೋಪಿನಲ್ಲಿ ಹೋಲಿಸಿದರೆ ಅದೇ ಕೆಂಪು. ಅದಿರು ಲಾರಿಗಳ ಧೂಳು. ಈಗ ಅದ್ದಿದ ಕೂಡಲೇ ಗಂಟೆಯಾಕಾರದ ದೊಡ್ಡ ಗಾಜಿನ ಮುಚ್ಚಳದೊಳಗೆ ಇಡುತ್ತೇವೆ. ನನಗೆ ಇಷ್ಟದ ಕಾಲ ಡಿಸೆಂಬರಿನಿಂದ ಫೆಬ್ರವರಿ, ಬೆಳಗಿನ ಹೊತ್ತು.

ಒಣಗಿದಂತೆ ಕಂಡರೂ ದ್ರಾವಕ ಒಳಗೆ ಉಳಿದಿರುತ್ತದೆ. ಅದು ಜೀವಕೋಶಕ್ಕೆ ವಿಷ. ವ್ಯಾಕ್ಯೂಮಿನಲ್ಲಿ 35 ಡಿಗ್ರಿಯಲ್ಲಿ ಎರಡು ದಿನ ಇಡಿ, ತೂಕ ಇಳಿಯುವುದು ನಿಲ್ಲಬೇಕು. ಈ ಪಾಲಿಮರ್ 55 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತದೆ. ಒಂದು ಮೇ ತಿಂಗಳಲ್ಲಿ ಹನ್ನೆರಡು ಬಿಲ್ಲೆಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಇನ್ನೊಂದು ಕಾಲೇಜಿಗೆ ಹೊರಟೆ. ದಾರಿಯಲ್ಲಿ ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿದ್ದೆ. ತೆಗೆದು ನೋಡಿದರೆ ಎಲ್ಲ ಲೇಪವೂ ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿತ್ತು. ಈಗ ಐಸ್ ಪ್ಯಾಕ್ ಇಟ್ಟ ಡಬ್ಬಿ ಇಲ್ಲದೆ ಒಂದನ್ನೂ ಹೊರಗೆ ಒಯ್ಯುವುದಿಲ್ಲ.

ನಿಂತಿತಾ ಅಂತ ನೋಡುವುದು

ದಪ್ಪವನ್ನು ತೂಕದಿಂದ ಅಂದಾಜು ಮಾಡಿ. ನಮ್ಮ ಬಿಲ್ಲೆಯ ಮೈ 2.8 ಚದರ ಸೆಂ.ಮೀ. 10 ಮೈಕ್ರಾನ್ ಲೇಪ ಅಂದರೆ ಸುಮಾರು 3.5 ಮಿ.ಗ್ರಾಂ. ಹಾಗಾಗಿ 0.1 ಮಿ.ಗ್ರಾಂ. ತೋರಿಸುವ ತಕ್ಕಡಿಯೇ ಬೇಕು. ಒರಟು ಮೈಯ ನಿಜವಾದ ವಿಸ್ತಾರ ಇದಕ್ಕಿಂತ ಜಾಸ್ತಿ. ಲೇಪ ತಗ್ಗುಗಳಲ್ಲಿ ತುಂಬಿ ಉಬ್ಬುಗಳ ಮೇಲೆ ತೆಳುವಾಗಿರುತ್ತದೆ. ಒಂದು ಬಿಲ್ಲೆಯನ್ನು ಕತ್ತರಿಸಿ ಅಡ್ಡಕೊಯ್ತ ನೋಡಲೇಬೇಕು.

ಟೇಪ್ ಪರೀಕ್ಷೆಗೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಒತ್ತಿ ಎಳೆಯುವುದು. ಎಳೆದ ಟೇಪನ್ನು ಎಸೆಯಬೇಡಿ, ಅದರ ಅಂಟುಬದಿ ನೋಡಿ. ಬರೀ ಪಾಲಿಮರ್ ಬಂದಿದ್ದರೆ ಲೇಪದ ತಪ್ಪು. ಬೂದು ಗುಂಡು ಬಂದಿದ್ದರೆ ಪುಡಿ ಬಿಡಿಸುವ ಹಂತಕ್ಕೆ ವಾಪಸ್. ಕಪ್ಪು ಚೂರು ಬಂದಿದ್ದರೆ ಡೋಪಮೈನ್ ಕಸ ತೊಳೆದಿಲ್ಲ.

ಒಣ ಟೇಪ್ ಪಾಸಾಯಿತು ಅಂತ ರಿಪೋರ್ಟ್ ಬರೆಯಲು ಓಡಬೇಡಿ. ಇಂಪ್ಲಾಂಟ್ ಇರುವುದು ಒದ್ದೆ ಜಾಗದಲ್ಲಿ, ಅಲ್ವಾ? ಪಿಎಚ್ 7.4ರ ಫಾಸ್ಫೇಟ್ ಉಪ್ಪುನೀರಿನಲ್ಲಿ 37 ಡಿಗ್ರಿಯಲ್ಲಿಟ್ಟು 1, 7, 14, 28ನೇ ದಿನಕ್ಕೆ ಒಂದೊಂದು ಗುಂಪು ತೆಗೆದು ಮತ್ತೆ ಟೇಪ್ ಎಳೆಯಿರಿ. ಒಣಗಿದ್ದಾಗ ಚೆನ್ನಾಗಿದ್ದದ್ದು ಏಳನೇ ದಿನಕ್ಕೆ ಅಂಚಿನಿಂದ ಏಳುವುದು ಬಹಳ ಸಲ ನೋಡಿದ್ದೇನೆ. ನೀರಿನ ಪಿಎಚ್ ಕೂಡ ಅಳೆಯಿರಿ, ಈ ಪಾಲಿಮರ್ ಒಡೆದಾಗ ಲ್ಯಾಕ್ಟಿಕ್ ಆಮ್ಲ ಬರುತ್ತದೆ.

ಜೀವಕೋಶ ಪರೀಕ್ಷೆಗೆ ಕೊಡುವಾಗ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಬೇಡಿ, 121 ಡಿಗ್ರಿಗೆ ಲೇಪ ಹರಿದುಹೋಗುತ್ತದೆ. ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿ ಮಾಡಿಸಿ, ಗಾಳಿಯಾಡಲು ಸಾಕಷ್ಟು ದಿನ ಬಿಡಿ. ವೈದ್ಯಕೀಯ ಸಾಧನಗಳ ಪರೀಕ್ಷೆಯ ಮಾನದಂಡ ಐಎಸ್ಒ 10993ರ 5ನೇ ಭಾಗದ ಪ್ರಕಾರ ಜೀವಕೋಶಗಳ ಜೀವಂತಿಕೆ 30%ಕ್ಕಿಂತ ಜಾಸ್ತಿ ಇಳಿದರೆ ವಿಷ ಅಂತ ಲೆಕ್ಕ. ಹೋಲಿಕೆಗೆ ಲೇಪವಿಲ್ಲದ ಬಿಲ್ಲೆ, ಬರೀ ಪಾಲಿಡೋಪಮೈನ್ ಪದರದ ಬಿಲ್ಲೆ ಎರಡನ್ನೂ ಜತೆಗೆ ಕಳಿಸಿ, ಪ್ರತಿ ಗುಂಪಿಗೆ ಕನಿಷ್ಠ ಐದು. ಪ್ರತಿ ಡಬ್ಬಿಯ ಮೇಲೆ ಅದ್ದಿದ ತಾರೀಖು, ಅವತ್ತಿನ ಕೋಣೆಯ ಉಷ್ಣತೆ, ತೇವಾಂಶ, ಮೇಲ್ಮುಖ ಯಾವುದು ಅಂತ ಬರೆದು ಅಂಟಿಸಿ.